ಬಿಸ್ಕತ್ತಿನ ತಳ ನೋಡಿದ ಕ್ಯಾಪ್ಟನ್

ಡ್ಯಾನ್ಯೂಬ್ ನದಿಯ ಮೇಲೆ ಮೂವತ್ತೊಂದು ವರ್ಷ ಅಡುಗೆ ಮಾಡಿದವನು ನಾನು, ಬುದಿಮಿರ್. ಸರಕುದೋಣಿಗಳನ್ನು ಎಳೆಯುವ ನಮ್ಮ ಹಡಗು ಬರುತ್ತಿದೆಯೆಂದು ಬಂದರಿನವರಿಗೆ ಗೊತ್ತಾಗುತ್ತಿದ್ದದ್ದು ಅದರ ಸಿಳ್ಳೆಯಿಂದಲ್ಲ, ನನ್ನ ಬೀನ್ಸ್ ಕಾಳಿನ ಸಾರಿನ ವಾಸನೆಯಿಂದ. ಬಲ್ಗೇರಿಯದ ಸುಂಕದವರು ತಪಾಸಣೆಗೆಂದು ಹಡಗು ಹತ್ತಿ ಎರಡು ದಿನ ಇಳಿಯದೆ ಕೂತದ್ದುಂಟು. ನಾನು ಹೇಳುವುದರಲ್ಲಿ ಅರ್ಧ ಕಳೆದು ನಂಬಬೇಕೆಂದು ನನ್ನ ಹೆಂಡತಿ ದೆಸಾಂಕ ಎಲ್ಲರಿಗೂ ಹೇಳಿಟ್ಟಿದ್ದಾಳೆ. ಕಳೆಯಲಿ. ಅರ್ಧ ಕಳೆದರೂ ಬೇರೆಯವರ ಇಡೀ ಬಾಳಿಗಿಂತ ಒಂದು ಹಿಡಿ ಹೆಚ್ಚೇ ಉಳಿಯುತ್ತದೆ.

ಆ ಹಡಗಿನ ಕ್ಯಾಪ್ಟನ್ ಒಬ್ರಾದ್. ಊಟದ ವಿಷಯದಲ್ಲಿ ಅವನಿಗೊಂದು ಆಸೆಯಿತ್ತು: ನನ್ನ ಬಾಯಿಂದ ಒಮ್ಮೆ ‘ತಪ್ಪಾಯಿತು’ ಎಂಬ ಮಾತು ಕೇಳಬೇಕು. ಮೂವತ್ತೊಂದು ವರ್ಷ ಕಾದ. ಸಾರಿಗೆ ಎರಡು ಸಲ ಉಪ್ಪು ಬಿದ್ದ ದಿನ, ಬೆವರು ಸುರಿಸುವ ಗಂಡಸರಿಗೆ ವೈದ್ಯರು ಹೇಳಿದ ಪ್ರಮಾಣ ಇದೇ ಎಂದೆ. ತಳ ಹಿಡಿದ ದಿನ, ಇದು ಹೊಗೆ ಹಾಕಿದ ಸಾರು, ಹಂಗೇರಿಯ ಶ್ರೀಮಂತರು ಕಷ್ಟಪಟ್ಟು ಹೀಗೆ ಮಾಡಿಸಿಕೊಳ್ಳುತ್ತಾರೆ ಎಂದೆ. ಒಬ್ರಾದ್ ಪೂರ್ತಿ ತಿಂದ, ತಟ್ಟೆ ತಿರುಗಿಸಿ ಅದರ ತಳ ನೋಡಿದ. ಹಡಗಿನವನಿಗೆ ಯಾವುದರದ್ದಾದರೂ ತಳ ನೋಡದೆ ಸಮಾಧಾನವಿಲ್ಲ. ಆಮೇಲೆ, “ಒಂದಿನ ಹೇಳ್ತೀಯ ಬಿಡು,” ಎಂದ.

ಈಗ ಇಬ್ಬರೂ ನಿವೃತ್ತರು. ಗೊಲುಬಾತ್ಸ್‌ನಲ್ಲಿ ಡ್ಯಾನ್ಯೂಬ್ ದಂಡೆಯಲ್ಲೇ, ಎರಡು ಬೀದಿಯ ಅಂತರದಲ್ಲಿದ್ದೇವೆ. ಇಲ್ಲಿ ಪ್ರತಿ ಮನೆತನಕ್ಕೂ ಒಬ್ಬ ಸಂತ, ಅವನ ಹೆಸರಿನ ಹಬ್ಬವೇ ಸ್ಲಾವ; ನಮ್ಮ ಮನೆಯದು ನಾವಿಕರ ಸಂತ ನಿಕೊಲನದು, ಡಿಸೆಂಬರ್ ಹತ್ತೊಂಬತ್ತಕ್ಕೆ. ಸ್ಲಾವಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ಬರಬೇಕಾದವರು ತಾವೇ ಬರುತ್ತಾರೆ, ಬಾರದವರ ಹೆಸರು ಬೇಸಿಗೆಯವರೆಗೂ ಊರಿನ ಬಾಯಲ್ಲಿರುತ್ತದೆ. ಒಬ್ರಾದ್ ಮೂವತ್ತೊಂಬತ್ತು ವರ್ಷ ತಪ್ಪಿಸಿರಲಿಲ್ಲ. ಒಲೆಯ ಪಕ್ಕದ ಕುರ್ಚಿ ಅವನದು. ಅದರಲ್ಲಿ ಬೇರೆಯವರು ಕೂತರೆ ಕುರ್ಚಿಯೇ ಮುಲುಗುತ್ತದೆ.

ಕಳೆದ ವಸಂತದಲ್ಲಿ ಒಬ್ರಾದ್ ಒಣಗತೊಡಗಿದ. ಬೆಲ್ಟಿಗೆ ಹೊಸ ತೂತು ಕೊರೆದೂ ಕೊರೆದೂ ಕೊನೆಗೆ ಅದರಲ್ಲಿ ಚರ್ಮಕ್ಕಿಂತ ತೂತೇ ಹೆಚ್ಚಾಯಿತು. ಬೆಲ್‌ಗ್ರೇಡಿನ ವೈದ್ಯರು ಹೊಟ್ಟೆಯೊಳಕ್ಕೆ ಕೊಳವೆ ಇಳಿಸಿ ನೋಡಿ, ಗೋಧಿಯ ಗ್ಲುಟೆನ್ ಇವನಿಗೆ ಆಗುವುದಿಲ್ಲ ಎಂದರು. ಗೋಧಿ, ಬಾರ್ಲಿ, ರೈ ಮೂರೂ ಜೀವಮಾನಕ್ಕೆ ಬಂದ್. ಒಂದು ಚಿಟಿಕೆ ಹಿಟ್ಟು ಒಳಗೆ ಹೋದರೂ ವಾರಗಟ್ಟಲೆ ಹೊಟ್ಟೆ ಹಿಡಿದು ಮಲಗಬೇಕು.

ಡಿಸೆಂಬರ್ ಮೊದಲ ವಾರ ನಾವಿಬ್ಬರೂ ದಂಡೆಯಲ್ಲಿ ಗಾಳ ಹಾಕಿ ಕೂತಿದ್ದೆವು.

“ಈ ಸಲ ನಾನು ಬರಲ್ಲ ಕಣೋ,” ಎಂದ ಒಬ್ರಾದ್.

“ಎಲ್ಲಿಗೆ?”

“ನಿನ್ನ ಮನೆಗೆ. ಸ್ಲಾವಕ್ಕೆ.”

ನನ್ನ ಗಾಳಕ್ಕೆ ಆಗ ಸಿಕ್ಕಿದ್ದ ಮೀನು ಕರುವಿನಷ್ಟಿತ್ತು. ಈ ಮಾತಿಗೆ ಅದೂ ಬೇಸತ್ತು ಬಿಡಿಸಿಕೊಂಡು ಹೋಯಿತು.

“ಬಾಗಿಲಲ್ಲೇ ದೆಸಾಂಕ ಬೇಯಿಸಿದ ಗೋಧಿ ಹಿಡ್ಕೊಂಡು ನಿಂತಿರ್ತಾಳೆ,” ಎಂದ ಅವನು, ನೀರು ನೋಡುತ್ತ. “ಸಂತನ ಹೆಸರಲ್ಲಿ, ನಿಮ್ಮ ಮನೇಲಿ ತೀರಿಕೊಂಡವರ ಹೆಸರಲ್ಲಿ ಒಂದು ಚಮಚ. ಅದನ್ನ ಬಾಯಿಗೆ ಹಾಕ್ಕೊಂಡೇ ಒಳಗೆ ಕಾಲಿಡೋದು. ಅಷ್ಟು ಜನರೆದುರು ನಾನು ಬೇಡ ಅನ್ಲಾ? ಬೇಡ ಅಂದೋನು ಯಾವ ಮುಖ ಇಟ್ಕೊಂಡು ಒಳಗೆ ಬರ್ತಾನೆ? ಬಂದ್ಮೇಲೂ ಅವರಿವರ ಬಾಯಿ ನೋಡ್ತಾ ಕೂರಬೇಕು. ಮನೇಲೇ ನಾಲ್ಕು ಆಲೂಗಡ್ಡೆ ಬೇಯಿಸ್ಕೋತೀನಿ.”

“ನೀನು ಬಾಗಿಲಿಗೆ ಬಾ,” ಎಂದೆ. “ಗೋಧಿ ಬದಲು ನಿನ್ನ ಕೈಗೊಂದು ಬಿಸ್ಕತ್ತು ಕೊಡ್ತೀನಿ. ಗೋಧಿ ಇಲ್ಲ. ಉಪವಾಸದ ದಿನ, ಹಾಲು ಬೆಣ್ಣೆ ಮೊಟ್ಟೆ ಅಂತೂ ಮೊದಲೇ ಇಲ್ಲ. ವಾಸನೆಗೆ ಸಂತ ನಿಕೊಲನೇ ಗೋಡೆಯ ಪಟದಿಂದ ಇಳಿದು ಬಂದು ಇನ್ನೊಂದು ಕೇಳ್ಬೇಕು, ಅಂಥದ್ದು.”

“ನಿನಗೆ ಹಿಟ್ಟಿಲ್ದೆ ಚಹಾ ಮಾಡೋಕೂ ಬರಲ್ಲ.”

“ಬಾಗಿಲಿಗೆ ಬಾ ಅಂದೆ.”

“ಬಾಗಿಲವರೆಗೆ ಬರ್ತೀನಿ,” ಎಂದ. “ಒಳಗೆ ಬರೋದು ಬಿಡೋದು ಬಿಸ್ಕತ್ತು ನೋಡಿ ಹೇಳ್ತೀನಿ.”

ಹಾಲಿಲ್ಲದ, ಬೆಣ್ಣೆಯಿಲ್ಲದ ಸಿಹಿ ನಮಗೆ ಹೊಸದಲ್ಲ. ವರ್ಷದಲ್ಲಿ ಅರ್ಧ ಉಪವಾಸವೇ ಇರುವ ನಾಡು ನಮ್ಮದು; ಉಪವಾಸವೆಂದರೆ ಮಾಂಸ, ಹಾಲು, ಮೊಟ್ಟೆ ಬಿಡುವುದು, ಸಂತ ನಿಕೊಲನ ದಿನ ಮೀನಿಗೆ ಮಾತ್ರ ಅಡ್ಡಿಯಿಲ್ಲ. ಇಲ್ಲಿನ ಹೆಂಗಸರು ಬರೀ ಎಣ್ಣೆಯಿಂದ ಮೂರಂತಸ್ತಿನ ಕೇಕು ನಿಲ್ಲಿಸುತ್ತಾರೆ. ಗೋಧಿಯಿಲ್ಲದ್ದು ಮಾತ್ರ ನನಗೂ ಹೊಸದು. ಒಬ್ರಾದನ ವೈದ್ಯರು ಓಟ್ಸ್ ತಿನ್ನಬಹುದು ಎಂದಿದ್ದರು, ಆದರೆ ಗೋಧಿಯ ಸೋಂಕು ತಗಲದ ಓಟ್ಸ್ ಆಗಬೇಕು, ಪೊಟ್ಟಣದ ಮೇಲೆ ಗೀಟು ಹೊಡೆದ ತೆನೆಯ ಗುರುತಿರಬೇಕು. ಬಸ್ಸು ಹತ್ತಿ ಪೊಜರೆವಾತ್ಸ್‌ಗೆ ಹೋಗಿ ಅಂಥ ನಾಲ್ಕು ಪೊಟ್ಟಣ ತಂದೆ. ಒಣ ತೆಂಗಿನ ತುರಿ ಹೇಗೂ ಸ್ಲಾವದ ಸಿಹಿಗೆಂದು ಪ್ರತಿ ಮನೆಯಲ್ಲೂ ಇರುತ್ತದೆ. ನಾನು ಹೊಸ ಪೊಟ್ಟಣವನ್ನೇ ಒಡೆದೆ.

ಮೊದಲ ಸಲದ ಬಿಸ್ಕತ್ತು ಕೈಯಲ್ಲಿ ಹಿಡಿದರೆ ಉಸುಕಾಯಿತು. ಎರಡನೆಯ ಸಲದ್ದನ್ನು ಕೋಳಿಗಳಿಗೆ ಹಾಕಿದೆ; ಹುಂಜ ಒಮ್ಮೆ ಕುಕ್ಕಿ, ಕೊಕ್ಕು ನೆಟ್ಟಗಿದೆಯೇ ಎಂದು ನದಿಯ ನೀರಿನಲ್ಲಿ ನೋಡಿಕೊಂಡು ಬಂತು.

“ಅಲ್ರೀ, ಅದನ್ನ ಹಿಡಿದು ನಿಲ್ಲಿಸೋಕೆ ಏನಾದ್ರೂ ಬೇಡ್ವಾ?” ಎಂದಳು ದೆಸಾಂಕ. “ಪ್ಲಮ್ ಹಣ್ಣಿನ ಗಟ್ಟಿ ಜಾಮ್ ಇದೆಯಲ್ಲ, ಹಾಕಿ ನೋಡಿ.”

ಮೂರನೆಯ ಸಲಕ್ಕೆ ಜಾಮ್ ಹಾಕುವ ಉಪಾಯ ನನಗೇ ಹೊಳೆಯಿತು. ಬಿಸ್ಕತ್ತು ಕೂಡಿಕೊಂಡಿತು, ಕಚ್ಚಿದರೆ ಅಂಚು ಗರಿ, ನಡುವೆ ಮೆತ್ತಗೆ. ದೆಸಾಂಕ ಒಂದು ತಿಂದು ಇನ್ನೊಂದು ತೆಗೆದುಕೊಂಡಳು. ನಲವತ್ತೆರಡು ವರ್ಷದ ಸಂಸಾರದಲ್ಲಿ ಇದು ಪದಕಕ್ಕೆ ಸಮ.

ಮನೆಯೊಳಗಿನ ಅಡುಗೆಮನೆಯಲ್ಲಿ ದೆಸಾಂಕಳ ಸ್ಲಾವದ ರೊಟ್ಟಿಯ ಹಿಟ್ಟು ಗಾಳಿಯಲ್ಲೇ ತೇಲುತ್ತಿರುತ್ತದೆ. ಅದಕ್ಕೆ ನಾನು ಅಂಗಳದ ಬೇಸಿಗೆ ಅಡುಗೆಮನೆಯನ್ನು ಹಿಡಿದೆ. ಸ್ಲಾವದ ಹಿಂದಿನ ದಿನ ಅಲ್ಲಿದ್ದ ಚೀಲ, ಜರಡಿ, ಲಟ್ಟಣಿಗೆ ಎಲ್ಲ ಹೊರಗೆ ಹಾಕಿ, ಗೋಡೆ ನೆಲ ಮೂರು ಸಲ ತೊಳೆದೆ. ಆ ದಿನ ಡ್ಯಾನ್ಯೂಬ್ ಎರಡು ಬೆರಳು ಇಳಿದದ್ದಕ್ಕೆ ಹವಾಮಾನದವರು ಬೇರೆ ಕಾರಣ ಕೊಟ್ಟರು.

ಹಬ್ಬದ ಬೆಳಿಗ್ಗೆ ಓಟ್ಸಿನಲ್ಲಿ ಅರ್ಧವನ್ನು ಪುಡಿಮಾಡಿ, ಅರ್ಧವನ್ನು ಇಡಿಯಾಗಿ ಬಿಟ್ಟೆ. ತೆಂಗಿನ ತುರಿ, ಜಜ್ಜಿದ ಅಕ್ರೋಟು, ಚಿಟಿಕೆ ಉಪ್ಪು, ಎಣ್ಣೆ, ಜೇನು, ಮೂರು ದೊಡ್ಡ ಚಮಚ ಜಾಮ್. ಕಲಸಿ ಅರ್ಧ ಗಂಟೆ ಬಿಟ್ಟೆ. ಓಟ್ಸ್ ನೆನೆಯದಿದ್ದರೆ ಒಂದಕ್ಕೊಂದು ಮಾತಾಡುವುದಿಲ್ಲ. ಮೂವತ್ತೊಂದು ವರ್ಷದಿಂದ ಹೇಗೆ ಮಾಡುತ್ತಿದ್ದೆನೋ ಹಾಗೇ ತಗಡಿನ ತಟ್ಟೆ ಸಿದ್ಧಮಾಡಿ, ಉಂಡೆ ಕಟ್ಟಿ, ಒದ್ದೆ ಮುಳ್ಳುಚಮಚದಿಂದ ಒತ್ತಿ ಒಲೆಯೊಳಗಿಟ್ಟೆ. ಹೊರಬಂದಾಗ ಆ ಬಣ್ಣ ನೋಡಿ ನನಗೇ ನನ್ನ ಮೇಲೆ ಗೌರವ ಬಂತು. ಬಿಸಿಯಲ್ಲಿ ಎತ್ತಿದರೆ ಮುರಿಯುತ್ತವೆ. ತಣ್ಣಗಾಗುವವರೆಗೆ ಕೈಕಟ್ಟಿ ನಿಂತೆ. ಬಿಸ್ಕತ್ತಿನಲ್ಲಿ ಕಷ್ಟದ ಕೆಲಸ ಅದೊಂದೇ.

ಹನ್ನೆರಡಕ್ಕೆ ಒಬ್ರಾದ್ ಬಂದ. ನಮ್ಮ ಕಡೆಯ ಚಳಿಗಾಲದ ಕೊಶಾವ ಗಾಳಿ ಬೀಸುತ್ತಿತ್ತು, ಆ ದಿನದ್ದು ಹಸುಗಳನ್ನು ರೊಮೇನಿಯಕ್ಕೆ ದಾಟಿಸುವಂಥದ್ದು. ಅವನು ಕೋಟು ಒತ್ತಿಹಿಡಿದು ಮೆಟ್ಟಿಲು ಹತ್ತಿದ. ಅವನ ಹಿಂದೆ ದೆಸಾಂಕಳ ಚಿಕ್ಕಮ್ಮ ಮಿಲುಂಕ, ಅವಳ ಹಿಂದೆ ಪಕ್ಕದ ಮನೆಯವರು ಐದಾರು ಮಂದಿ, ಎಲ್ಲರೂ ಸಾಲಾಗಿ. ದೆಸಾಂಕ ಗೋಧಿಯ ಬಟ್ಟಲು ಹಿಡಿದು ಒಂದು ಕಡೆ, ನಾನು ಬಿಸ್ಕತ್ತಿನ ತಟ್ಟೆ ಹಿಡಿದು ಇನ್ನೊಂದು ಕಡೆ.

“ನಿನ್ನ ಸ್ಲಾವ ಚೆನ್ನಾಗಿ ನಡೀಲಿ,” ಎಂದು ಒಬ್ರಾದ್ ಪದ್ಧತಿಯಂತೆ ನನ್ನ ಕೆನ್ನೆಗೆ ಮೂರು ಸಲ ಮುತ್ತಿಟ್ಟ. ಒಂದು ಬಿಸ್ಕತ್ತು ಎತ್ತಿಕೊಂಡ, ಮೂಸಿದ, ಅವನ ಕಣ್ಣು ಅರ್ಧ ಮುಚ್ಚಿತು. ಬಾಯಿವರೆಗೆ ಒಯ್ದವನು ನಿಂತು, ಅದನ್ನು ತಿರುಗಿಸಿ ತಳ ನೋಡಿದ.

“ಇದೇನೋ ಬೆಳ್ಳಗೆ?”

“ತೆಂಗು,” ಎನ್ನಲು ನಾಲಿಗೆ ಸಿದ್ಧವಾಗಿತ್ತು. ತೆಂಗೂ ಬೆಳ್ಳಗೇ ಇರುತ್ತದೆ. ಯಾವ ನ್ಯಾಯಾಲಯವಾದರೂ ಒಪ್ಪುತ್ತಿತ್ತು. ಆದರೆ ಅವನ ಭುಜದಾಚೆ ಬೇಸಿಗೆ ಅಡುಗೆಮನೆಯ ತೆರೆದ ಬಾಗಿಲು ಕಾಣುತ್ತಿತ್ತು, ಒಲೆಯ ಪಕ್ಕದ ಮೊಳೆ ಕಾಣುತ್ತಿತ್ತು, ಮೊಳೆಯಲ್ಲಿ ಒಂದು ಹಳೆಯ ಕಾಫಿ ಡಬ್ಬಿ ತೂಗುತ್ತಿತ್ತು. ಒಂದು ಚಳಿಗಾಲ ಹಡಗು ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡಾಗ ಹೊತ್ತು ಹೋಗದೆ ಒಬ್ರಾದನೇ ಅದರ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು ಕೊಟ್ಟಿದ್ದ, ಎಣ್ಣೆ ಸವರಿದ ತಟ್ಟೆಗೆ ಹಿಟ್ಟು ಉದುರಿಸಲೆಂದು. ಎಲ್ಲವನ್ನೂ ಹೊರಗೆ ಹಾಕಿದ ನನ್ನ ಕಣ್ಣಿಗೆ ಅದೊಂದು ಬಿದ್ದಿರಲಿಲ್ಲ. ದಿನಾ ಕಾಣುವ ವಸ್ತು ಅದು, ಮೂಗಿದ್ದ ಹಾಗೆ. ಬೆಳಿಗ್ಗೆ ಕೈ ತಾನಾಗಿ ಅದನ್ನು ಇಳಿಸಿ, ಅಲ್ಲಾಡಿಸಿ, ಮತ್ತೆ ಮೊಳೆಗೆ ಹಾಕಿತ್ತು.

ಬಿಸ್ಕತ್ತು ಅವನ ಮೀಸೆಯ ಹತ್ತಿರವೇ ಇತ್ತು.

“ಕೆಳಗಿಡು,” ಎಂದೆ. “ಹಿಟ್ಟು ಅದು. ತಪ್ಪಾಯಿತು.”

“ಏನಂದೆ?”

“ತಪ್ಪಾಯಿತು ಅಂದೆ.”

“ಗಾಳಿ ಕಣೋ, ಸರಿಯಾಗಿ ಕೇಳಿಸ್ತಿಲ್ಲ.”

“ನನ್ನಿಂದ ತಪ್ಪಾಯಿತು,” ಎಂದು ಕೂಗಿದೆ. ನದಿಯಾಚೆ ರೊಮೇನಿಯದಲ್ಲಿ ನಾಯಿಗಳು ಬೊಗಳಿದವು.

ಒಬ್ರಾದ್ ಬಿಸ್ಕತ್ತನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟು, ಕರವಸ್ತ್ರದಿಂದ ಒಂದೊಂದೇ ಬೆರಳು ಒರೆಸಿಕೊಂಡ. ಹಿಂದಿದ್ದವರ ಕಡೆ ತಿರುಗಿ, “ಮಿಲುಂಕ ಚಿಕ್ಕಮ್ಮ, ನೀವು ಕೇಳಿದ್ರಲ್ಲ?” ಎಂದ.

“ನನಗೆ ಕಿವಿ ಮಂದ ಕಣಪ್ಪ,” ಎಂದಳು ಅವಳು. “ಆದ್ರೂ ಕೇಳಿಸ್ತು.”

ಅವನು ನಕ್ಕ. ಆದರೆ ಆ ನಗು ಮುಗಿಯುತ್ತಿದ್ದಂತೆ ಅವನು ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದ. ಹೊರಟುಬಿಡುತ್ತಾನೆ. ಅವನ ಬಾಯಿಗಿಡಲು ಬಾಗಿಲಲ್ಲಿ ಗೋಧಿಯೊಂದೇ ಉಳಿದಿತ್ತು.

“ಓಟ್ಸ್ ಇನ್ನೊಂದು ಪೊಟ್ಟಣ ಇದೆ,” ಎಂದೆ. “ಒಡೆದಿಲ್ಲ.”

“ಪಾದ್ರಿಗಳು ಬರೋದು ಒಂದೂವರೆಗೆ ಅಣ್ಣ,” ಎಂದಳು ದೆಸಾಂಕ. “ಅಷ್ಟರಲ್ಲಿ ಆಗತ್ತೆ. ಇವರ ಪಕ್ಕದಲ್ಲಿ ನೀವೇ ನಿಂತ್ಕೊಳ್ಳಿ.”

ಒಬ್ರಾದ್ ಗುಂಡಿ ಬಿಚ್ಚಿದ. “ಯಾರಾದ್ರೂ ಕಾವಲಿರಬೇಕು ಇವನಿಗೆ,” ಎಂದು ಅಂಗಳಕ್ಕಿಳಿದ.

ಬೇಸಿಗೆ ಅಡುಗೆಮನೆಯಲ್ಲಿ ಅವನು ಮತ್ತೆ ಕ್ಯಾಪ್ಟನ್ ಆದ. “ಆ ಏಪ್ರನ್ ತೆಗಿ. ಅಂಗಿನೂ ಬದಲಾಯಿಸು. ಮೊಣಕೈವರೆಗೆ ತೊಳಿ. ಉಗುರು ತೋರಿಸು.” ಡಬ್ಬಿಯನ್ನು ಕಡ್ಡಿಯ ತುದಿಯಿಂದ ಎತ್ತಿ, ಹಾವು ಸಾಗಿಸುವವನಂತೆ ಬೇಲಿಯವರೆಗೆ ಒಯ್ದು ಇಟ್ಟುಬಂದ.

ದೆಸಾಂಕ ಪಡಸಾಲೆಯ ಕಪಾಟಿನಿಂದ ಮದುವೆಗೆ ಬಂದಿದ್ದ ಗಾಜಿನ ಬೇಕಿಂಗ್ ಪಾತ್ರೆ ತಂದಳು. ಯಾರೂ ಒಮ್ಮೆಯೂ ಬಳಸದ ಪಾತ್ರೆ ಅದು. ನಲವತ್ತೆರಡು ವರ್ಷ ಬರೀ ಒರೆಸಿ ಒಳಗಿಟ್ಟದ್ದು. ನಾನೊಮ್ಮೆ ಅದರಲ್ಲಿ ಮೀನು ಬೇಯಿಸುತ್ತೇನೆಂದಾಗ ತವರಿಗೆ ಹೊರಟಿದ್ದಳು. ಅವತ್ತು ತಾನೇ ತಂದು ನನ್ನ ಕೈಗಿಟ್ಟಳು. ಜೊತೆಗೆ ಹೊಸ ಬಟ್ಟಲು, ಹೊಸ ಚಮಚ, ಸೀಲು ಒಡೆಯದ ತೆಂಗು, ಜಾಮಿನ ಬೇರೆ ಸೀಸೆ.

“ಬರೀ ಎಣ್ಣೆ,” ಎಂದ ಒಬ್ರಾದ್, ನಾನು ಗಾಜಿಗೆ ಸವರುವಾಗ. ನನ್ನ ಬಲಗೈ ಮೊಳೆಯ ಕಡೆ ಹೋಗಿ, ಏನೂ ಸಿಗದೆ ಹಿಂತಿರುಗಿತು. ಅವನು ನೋಡಿದ. “ಆ ಕೈಯನ್ನ ಕಟ್ಟಿಹಾಕ್ಲಾ?”

“ನಿನ್ನ ಡಬ್ಬಿ ತಾನೇ. ಅರ್ಧ ತಪ್ಪು ನಿಂದು.”

“ಇಲ್ಲ. ಪೂರ್ತಿ ನಿಂದೇ ಇರ್ಲಿ. ಮೂವತ್ತೊಂದು ವರ್ಷ ಕಾದಿದ್ದೀನಿ, ಪಾಲು ಕೊಡಲ್ಲ.”

ಓಟ್ಸ್ ನೆನೆಯುವವರೆಗೆ ಇಬ್ಬರೂ ಒಲೆಯ ಮುಂದೆ ಮಣೆ ಹಾಕಿ ಕೂತೆವು. ಒಳಗಿಟ್ಟ ಮೇಲೆ ಅವನು ಗಡಿಯಾರ ಹಿಡಿದ. ಹದಿನೈದು ನಿಮಿಷಕ್ಕೆ ತೆಂಗಿನ ವಾಸನೆ ಬಾಗಿಲು ದಾಟಿತು. ಮನೆಯೊಳಗಿನ ನೆಂಟರು ಒಬ್ಬೊಬ್ಬರೇ ಕಿಟಕಿಗೆ ಬಂದರು, ಕೊಶಾವ ಗಾಳಿ ಎರಡು ನಿಮಿಷ ನಿಂತೇ ಬಿಟ್ಟಿತು. ಪಾತ್ರೆ ತಣ್ಣಗಾದಾಗ ಒಬ್ರಾದ್ ಅದನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ, ಕೆಳಗಿನಿಂದ ಗಾಜಿನ ಮೂಲಕ ಒಂದೊಂದೇ ಬಿಸ್ಕತ್ತಿನ ತಳ ನೋಡಿದ. ತಿಳಿಕಂದು, ನಡುವೆ ಜಾಮಿನ ಕಪ್ಪು ಚುಕ್ಕೆ. ಬೆಳ್ಳಗಿನದು ಏನಿತ್ತೋ ಅದು ಎಳೆಎಳೆಯಾದ ತೆಂಗು.

“ನಡಿ,” ಎಂದ.

ಅವನು ಮತ್ತೆ ಬೀದಿಯ ಗೇಟಿನವರೆಗೆ ಹೋಗಿ, ಈಗ ತಾನೇ ಬಂದವನಂತೆ ಮೆಟ್ಟಿಲು ಹತ್ತಿದ. ಗೋಧಿಯ ಬಟ್ಟಲನ್ನು ದೆಸಾಂಕ ಬೆನ್ನ ಹಿಂದೆ ಹಿಡಿದಳು. ಅವನು ಟೋಪಿ ತೆಗೆದು, ಶಿಲುಬೆಯ ಗುರುತು ಮಾಡಿಕೊಂಡು, ನನ್ನ ಕೈಯಲ್ಲಿದ್ದ ಗಾಜಿನ ಪಾತ್ರೆಯಿಂದ ಒಂದು ಬಿಸ್ಕತ್ತು ತೆಗೆದು ಬಾಯಿಗಿಟ್ಟ. ಅಗಿದ. ಹೊಸ್ತಿಲ ಈಚೆಗೆ ಮೊದಲು ಬಲಗಾಲು ಬಂತು, ಆಮೇಲೆ ಎಡಗಾಲು.

“ಹೆಂಗಿದೆ?” ಎಂದೆ.

“ಉಪ್ಪು ಸರಿಯಾಗಿದೆ,” ಎಂದು ಹೇಳಿ ಹೋಗಿ ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತ. ಕುರ್ಚಿ ಮುಲುಗಲಿಲ್ಲ.

ಊಟಕ್ಕೆ ದೆಸಾಂಕ ಅವನಿಗೆಂದೇ ಬೇರೆ ಬಾಣಲೆಯಲ್ಲಿ, ಮೆಕ್ಕೆಜೋಳದ ಹಿಟ್ಟು ಸವರಿ, ಮೀನು ಹುರಿದಳು. ಅವನು ತಿಂದದ್ದಕ್ಕಿಂತ ಮಾತಾಡಿದ್ದು ಹೆಚ್ಚು. ಪಾದ್ರಿಗಳು ರೊಟ್ಟಿ ಕತ್ತರಿಸುವ ಹೊತ್ತಿಗೆ, ಅವನ ಕಥೆಯಲ್ಲಿ, ನಾನು ಅವನೆದುರು ಹತ್ತು ಸಲ ತಪ್ಪೊಪ್ಪಿಕೊಂಡಿದ್ದೆ. ಮೀನಿನ ಹೊತ್ತಿಗೆ ಮಂಡಿಯೂರಿದ್ದೆ. ನಾಲ್ಕು ಗಂಟೆಗೆ ಕೊನೆಯ ನೆಂಟರು ಬಂದಾಗ ನಾನು ಅವನ ಕಾಲು ಹಿಡಿದು ಅತ್ತು, ಕಣ್ಣೀರಿನಲ್ಲಿ ಬೇಸಿಗೆ ಅಡುಗೆಮನೆ ತೊಳೆದಿದ್ದೆ. ಇಷ್ಟೊಂದು ಸುಳ್ಳನ್ನು ಒಬ್ಬ ಮನುಷ್ಯ ಎದುರಿಗೇ ಕೂತು ಹೇಳುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ತಡೆಯಲು ಹೋಗಲಿಲ್ಲ. ಪ್ರತಿ ಸಲ ಕಥೆ ಮುಗಿಸಿ ಅವನು ಗಾಜಿನ ಪಾತ್ರೆಗೆ ಕೈ ಹಾಕುತ್ತಿದ್ದ, ಬಿಸ್ಕತ್ತಿನ ತಳ ನೋಡದೆಯೇ ಕಚ್ಚುತ್ತಿದ್ದ.

ಆ ದಿನ ಅವನು ತಿಂದದ್ದು ನೂರಾ ನಲವತ್ತು ಬಿಸ್ಕತ್ತು. ಹನ್ನೊಂದು ಎನ್ನುತ್ತಾಳೆ ದೆಸಾಂಕ.