ಸೇಬಿನ ಪಕ್ಷ, ಕುಂಬಳಕಾಯಿ ಪಕ್ಷ

ಆ ನವೆಂಬರಿನ ರಾಜ್ಯ ಚುನಾವಣೆಯಲ್ಲಿ ಅಮೆರಿಕದ ನಮ್ಮ ಐಡಾಹೋದವರ ಮುಂದೆ ಮತ ಹಾಕಿ ತೀರ್ಮಾನಿಸಬೇಕಾದ ಒಂದು ಪ್ರಶ್ನೆಯೂ ಇತ್ತು. ಪಕ್ಷಗಳು ತಮ್ಮ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಯಲ್ಲಿ ಆಯಾ ಪಕ್ಷದವರಷ್ಟೇ ಮತ ಹಾಕಬೇಕೋ, ಬಾಗಿಲನ್ನು ಎಲ್ಲರಿಗೂ ತೆರೆಯಬೇಕೋ? ಈ ಜಗಳದಲ್ಲಿ ಅರ್ಧ ಕ್ಷೌರಕ್ಕೇ ಎದ್ದುಹೋದವರಿದ್ದರು.

ನನ್ನ ಅತ್ತೆ ಆರ್ವಿಲ್ಲಾ ತೆರೆಯುವವರ ಕಡೆ. ಕಾರಣ ಮಾತ್ರ ಪೈ, ಹಿಟ್ಟಿನ ಹೊದಿಕೆಯಲ್ಲಿ ಹೂರಣ ತುಂಬಿ ಬೇಯಿಸುವ ಸಿಹಿತಿಂಡಿ. ನಮ್ಮೂರಿನ ಅಗ್ನಿಶಾಮಕ ಠಾಣೆಯ ವಾರ್ಷಿಕ ಊಟದಲ್ಲಿ ಸೇಬಿನವರು ಒಂದು ಸೇಬಿನ ಪೈಯನ್ನೂ, ಕುಂಬಳಕಾಯಿಯವರು ಒಂದು ಕುಂಬಳಕಾಯಿ ಪೈಯನ್ನೂ ಆರಿಸುತ್ತಾರೆ. ಕೊನೆಗೆ ಆ ಎರಡರ ನಡುವೆ ಊರೆಲ್ಲ ಮತ ಹಾಕುತ್ತದೆ. ಅತ್ತೆ ಪ್ರತಿ ವರ್ಷ ಸೇಬಿನವರಲ್ಲಿ ಗೆದ್ದು, ಕೊನೆಯಲ್ಲಿ ಲವೊನ್‌ಳ ಕುಂಬಳಕಾಯಿಗೆ ಸೋಲುತ್ತಿದ್ದರು. ಗೆದ್ದವರಿಗೆ ಕೊಡುವ ನೀಲಿ ರಿಬ್ಬನ್ ಒಮ್ಮೆಯೂ ಮನೆಗೆ ಬಂದಿರಲಿಲ್ಲ. ಅದನ್ನು ತೂಗುಹಾಕಲು ಹೊಡೆದ ಮೊಳೆ ಮಾತ್ರ ಗೋಡೆಯಲ್ಲಿತ್ತು.

"ಈ ಸಲ ನಮ್ಮ ಊಟಕ್ಕೂ ಬಾಗಿಲು ತೆಗೀರಿ," ಎಂದು ಅತ್ತೆ ಸಭೆಯಲ್ಲಿ ಹಟ ಹಿಡಿದರು. "ಮೊದಲ ಸುತ್ತಲ್ಲಿ ಒಬ್ಬರಿಗೆ ಒಂದೇ ಚೀಟಿ. ಯಾವ ಡಬ್ಬಕ್ಕೆ ಬೇಕಾದ್ರೂ ಹಾಕ್ಲಿ."

"ಆಗಲಿ ಆರ್ವಿಲ್ಲಾ, ನಿನ್ನಿಷ್ಟ," ಎಂದಳು ಲವೊನ್. ಅವಳು ಅಷ್ಟು ಬೇಗ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಸಂಜೆ ತರಗತಿಯಲ್ಲಿ ನಾಗರಿಕಶಾಸ್ತ್ರ ಓದುತ್ತೇನೆಂದು ಎಣಿಕೆಯ ಕೆಲಸ ನನ್ನ ತಲೆಗೆ ಬಿತ್ತು. ಸಾಲದ್ದಕ್ಕೆ, ಸೇಬಿನ ಪೈಗಳು ಕಡಿಮೆಯಾದವೆಂದು ಅತ್ತೆ ನನ್ನಿಂದಲೂ ಒಂದು ಮಾಡಿಸಿದರು.

"ಅಮ್ಮಾ, ಸ್ಪರ್ಧೆಗೆ ನಿಂತವಳೇ ಎಣಿಸಬಹುದಾ?" ಎಂದು ಅತ್ತೆಯನ್ನು ಕೇಳಿದೆ.

"ನೀನು ಸ್ಪರ್ಧೇಲಿದೀಯ ಅಂತ ಯಾರೇ ಅಂದ್ರು, ಕೋರಲೀ? ಮೇಜು ತುಂಬ್ಲಿ ಅಂತ ಅಷ್ಟೆ."

ನನ್ನ ಪೈಯೊಳಗೆ ಚಾಕು ಇಳಿಯಲಿಲ್ಲ. ಠಾಣೆಯ ಹುಡುಗರು ಕೊಡಲಿ ತರೋಣವೇ ಎಂದು ಕೇಳಿದರು. ನಿವೃತ್ತ ಅಂಚೆಯವ ಡೆಲ್ಬರ್ಟ್‌ನ ಕುಂಬಳಕಾಯಿ ಪೈಯನ್ನಂತೂ ಸೌಟಿನಲ್ಲೇ ಬಡಿಸಬೇಕಾಯಿತು.

ಮತದಾನ ಶುರುವಾಗುವ ಮೊದಲು ಅತ್ತೆ ಸೇಬಿನವರನ್ನೆಲ್ಲ ನೀರಿನ ಟ್ಯಾಂಕರಿನ ಹಿಂದೆ ಸೇರಿಸಿದರು. "ಎಲ್ರೂ ಕುಂಬಳಕಾಯಿ ಡಬ್ಬಕ್ಕೆ ಹೋಗಿ. ಡೆಲ್ಬರ್ಟ್‌ಗೆ ಹಾಕಿ. ಲವೊನ್ ಇಲ್ಲೇ ಉರುಳಿದ್ರೆ ಕೊನೇಲಿ ಆ ಸಾರಿನ ಎದುರು ನಾನು ಸೋಲ್ತೀನಾ?"

"ಮತ್ತೆ ನಿನಗ್ಯಾರು ಹಾಕೋದು?" ಎಂದು ಗುಂಪಿನಲ್ಲಿ ಒಬ್ಬರು ಕೇಳಿದರು.

"ನಂಗೆ ಯಾರೋ ಹಾಕ್ತಾರೆ ಬಿಡ್ರೋ!"

ಟ್ಯಾಂಕರಿನ ಆಚೆ ಬದಿಯಲ್ಲಿ ಲವೊನ್ ಕೂಡ ತನ್ನವರನ್ನು ಸೇರಿಸಿಕೊಂಡು ಪಿಸುಗುಡುತ್ತಿದ್ದಳು.

ನಾನು ಎಣಿಸಿದೆ. ತಪ್ಪಿರಬೇಕೆಂದು ಮತ್ತೆ ಎಣಿಸಿದೆ. ಕುಂಬಳಕಾಯಿಯಲ್ಲಿ ಡೆಲ್ಬರ್ಟ್ ಭಾರಿ ಅಂತರದಿಂದ ಗೆದ್ದಿದ್ದ. ಸೇಬಿನಲ್ಲಿ ಗೆದ್ದವಳು ನಾನು. ಕುಂಬಳಕಾಯಿಯವರೆಲ್ಲ ಬಂದು ಅತಿ ಕೆಟ್ಟ ಸೇಬಿಗೇ ಹಾಕಿದ್ದರು. ಅತ್ತೆಗೆ ಬಿದ್ದದ್ದು ಒಂದೇ ಮತ, ಅದೂ ನನ್ನದು. ಅವರು ತಮಗೆ ತಾವೂ ಹಾಕಿಕೊಂಡಿರಲಿಲ್ಲ.

"ನಾನು ಹಿಂದೆ ಸರೀತೀನಿ," ಎಂದೆ.

"ನಾನೂನೂ," ಎಂದ ಡೆಲ್ಬರ್ಟ್. "ಈ ವಯಸ್ಸಲ್ಲಿ ನಂಗ್ಯಾಕಪ್ಪ ರಿಬ್ಬನ್ನು?"

ಅತ್ತೆಯ ಮುಖ ಸುಟ್ಟ ಸಕ್ಕರೆಯ ಬಣ್ಣಕ್ಕೆ ತಿರುಗಿತ್ತು. ಎದುರಿಗೆ ಲವೊನ್ ಕಿಸಕ್ಕನೆ ನಕ್ಕಳು. "ಪಾಪ, ಸೇಬಿನವರಿಗೆ ಗತಿಯೇ ಇಲ್ಲ. ಬನ್ರೋ, ಡೆಲ್ಬರ್ಟ್‌ನ ಗೆಲ್ಲಿಸೋಣ."

ಅಷ್ಟೇ ಸಾಕಾಯಿತು. ಅತ್ತೆ ಕುರ್ಚಿ ಹತ್ತಿದರು. "ಯಾರೂ ಸರಿಯಂಗಿಲ್ಲ! ಸೇಬು ಅಂದ್ರೆ ಸೇಬು. ನನ್ನ ಸೊಸೆ ಪೈ ಸ್ವಲ್ಪ ಗಟ್ಟಿ ಇರಬಹುದು, ಆದ್ರೆ ತಟ್ಟೇಲಿ ನಿಲ್ಲುತ್ತೆ. ಅವನದು ಹರಿದು ಮಡಿಲಿಗೆ ಬರುತ್ತೆ!"

"ಹಂಗಾದ್ರೆ ತಿಂದು ತೋರ್ಸು," ಎಂದು ಯಾರೋ ಕೂಗಿದರು.

ಅತ್ತೆ ನನ್ನ ಪೈಯ ದೊಡ್ಡ ತುಂಡೊಂದನ್ನು ಕೈಯಲ್ಲಿ ಹಿಡಿದು ಕಚ್ಚಿದರು. ಕಟಕ್ಕೆಂದ ಸದ್ದು ಕೊನೆಯ ಬೆಂಚಿಗೂ ಕೇಳಿಸಿತು. ಕಣ್ಣಲ್ಲಿ ನೀರು ಬಂತು. ನಗುತ್ತಲೇ ಅಗಿದರು, ಮತ್ತೆ ಕಚ್ಚಿದರು. ಸೇಬಿನವರೆಲ್ಲ ಚಪ್ಪಾಳೆ ತಟ್ಟಿ ಸಾಲಾಗಿ ಸೇಬಿನ ಡಬ್ಬದತ್ತ ನಡೆದರು. ಕುಂಬಳಕಾಯಿಯ ಕೆಲವರು ಕೂಡ ಆ ಸಾಲಿಗೆ ಸೇರಿದ್ದನ್ನು ನಾನು ನೋಡಿದೆ.

ನಾನು ಗೆದ್ದೆ. ನೀಲಿ ರಿಬ್ಬನನ್ನು ಅತ್ತೆ ತಾವೇ ನನ್ನ ಎದೆಗೆ ಚುಚ್ಚಿದರು. ಪಿನ್ನು ಸ್ವಲ್ಪ ಒಳಗೇ ಹೋಯಿತು. ಬೇಕೆಂದೇ ಮಾಡಿದರೋ ಏನೋ, ಕೇಳುವ ಧೈರ್ಯ ಬರಲಿಲ್ಲ.

ಡೆಲ್ಬರ್ಟ್ ಹತ್ತಿರ ಬಂದ. "ಅಲ್ಲಾ ಆರ್ವಿಲ್ಲಾ, ನವೆಂಬರ್ ಚುನಾವಣೇಲಿ ಏನ್ಮಾಡ್ತೀಯ? ಬಾಗಿಲು ತೆಗೆಯೋದಾ, ಮುಚ್ಚೋದಾ?"

ಅತ್ತೆ ಒಂದು ಕೈ ಎತ್ತಿ ತಾಳು ಎಂದು ಸನ್ನೆ ಮಾಡಿದರು. ಅವರಿನ್ನೂ ಅಗಿಯುತ್ತಿದ್ದರು.