ಅಂಚಿನ ಅಂಕಿಗಳು

ಮೆಟ್ಟಿಲಿನ ತಿರುವಿನಲ್ಲಿ ಹೆಣ ಸಿಕ್ಕಿಕೊಂಡಿತು.

“ತಲೆ ಕಡೆ ಸ್ವಲ್ಪ ಎತ್ತಿ,” ಎಂದ ಸತ್ತವಳು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಎಕ್ಸ್‌ರೇ ವಿಭಾಗದವನು. ಅವನು ಕಾಲಿನ ಕಡೆ ಹಿಡಿದಿದ್ದ. ತಲೆಯ ಕಡೆ ಶವವಾಹನದ ಡ್ರೈವರು ಮತ್ತು ಮನೆಯ ಮಾಲೀಕ. ಸ್ಟ್ರೆಚರಿನ ನಾಲ್ಕನೆಯ ಹಿಡಿ ಸತ್ತವಳ ತಂಗಿಯ ಗಂಡನ ಪಾಲಿನದು. ಆತ ಹೆಸರಾಂತ ಫೋಟೋಗ್ರಾಫರು. ಬೆನ್ನುನೋವೆಂದು ಮೊದಲೇ ಕೆಳಗಿಳಿದು ಕಾರಿಗೆ ಒರಗಿ ನಿಂತಿದ್ದ.

“ಮೂರು ಜನದಿಂದ ಆಗಲ್ಲ ಕಣ್ರೀ,” ಡ್ರೈವರು ಏದುಸಿರು ಬಿಟ್ಟ. “ಇವರಿಗೆ ನಾಲ್ಕನೆಯವರು ಯಾರೂ ಇಲ್ವಾ?”

ತಂಗಿ ಕೈಚೀಲವನ್ನು ಮೆಟ್ಟಿಲ ಮೇಲಿಟ್ಟು ನಾಲ್ಕನೆಯ ಹಿಡಿಗೆ ಕೈ ಹಾಕಿದಳು. ಭಾರವೆಲ್ಲ ಕಬ್ಬಿಣದ ಸ್ಟ್ರೆಚರಿನದು. ಅಕ್ಕನದು ಏನೂ ಇರಲಿಲ್ಲ.

“ಇಪ್ಪತ್ತು ವರ್ಷ ಇದ್ರು ನಮ್ಮ ಮನೇಲಿ,” ಕೆಳಗೆ ಬಂದ ಮೇಲೆ ಮಾಲೀಕ ಬೆವರು ಒರೆಸಿಕೊಳ್ಳುತ್ತ ಹೇಳಿದ. “ಒಂದು ದಿನ ದನಿ ಎತ್ತಿದ್ದು ಕೇಳಿಲ್ಲ. ಮನೆಗೆ ಒಂದು ನರಪಿಳ್ಳೆ ಬಂದಿದ್ದೂ ನೋಡಿಲ್ಲ. ತಾವು ಆಸ್ಪತ್ರೆಯವರಾ?”

“ತಂಗಿ,” ಎಂದಳು ಅವಳು.

“ಯಾರ ತಂಗಿ?” ಎಂದು ಕೇಳಿದವನು, ಸ್ಟ್ರೆಚರಿನ ಕಡೆ ನೋಡಿ ನಾಲಿಗೆ ಕಚ್ಚಿಕೊಂಡ.

*

ವಿದ್ಯುತ್ ಚಿತಾಗಾರದಲ್ಲಿ ಇವರಿಗಿಂತ ಮುಂಚೆ ಇನ್ನೊಂದು ಶವವಿತ್ತು. ಮುಕ್ಕಾಲು ಗಂಟೆ ಕಾಯಬೇಕೆಂದರು. ಕಾಯುವ ಕೋಣೆಯಲ್ಲಿ ಸಿಮೆಂಟಿನ ಬೆಂಚುಗಳು, ಮೂಲೆಯಲ್ಲಿ ಕುಡಿಯುವ ನೀರಿನ ನಲ್ಲಿ. ಬಂದವರು ಒಟ್ಟು ಆರು ಮಂದಿ. ಅವರಲ್ಲಿ ಇಬ್ಬರು ಆಸ್ಪತ್ರೆಯ ನಿವೃತ್ತ ನರ್ಸುಗಳು.

“ಆಸ್ಪತ್ರೇಲಿ ಅವರನ್ನ ತುಂಡಕ್ಕ ಅಂತಿದ್ವಿ,” ದಪ್ಪ ನರ್ಸು ತಂಗಿಗೆ ಹೇಳಿದಳು. “ಬೆಳಗ್ಗೆ ಬಂದ ಕೂಡ್ಲೇ ಫಿಲ್ಮಿನ ಒಂದು ತುಂಡು ಕತ್ತರಿಸಿ ಅದನ್ನ ತೊಳೆಯೋ ಔಷಧಿಗೆ, ಅದೇ ಡೆವಲಪರಿಗೆ, ಹಾಕೋರು. ಗಡಿಯಾರ ನೋಡ್ತಾ ನಿಲ್ಲೋರು. ಅದು ಹೊತ್ತಿಗೆ ಸರಿಯಾಗಿ ಕಪ್ಪಾದ್ರೆ ಮಾತ್ರ ಅವತ್ತಿನ ಕೆಲಸ. ಸ್ವಲ್ಪ ತಡ ಆದ್ರೂ ಅಷ್ಟನ್ನೂ ಚೆಲ್ಲಿ ಹೊಸದು ಕಲಸೋರು. ಹೊರಗೆ ಮುರಿದ ಕಾಲು ಹಿಡ್ಕೊಂಡು ಜನ ಕೂಗಾಡ್ತಿದ್ರೂ ಅಷ್ಟೇ.”

“ಮತ್ತೆ ಆ ಗೋಲಿ!” ಇನ್ನೊಬ್ಬಳು ನಕ್ಕಳು. “ಡೆವಲಪರಿಗೆ ಗಾಳಿ ಅಂದ್ರೆ ವಿಷವಂತೆ. ಬಾಟ್ಲಿಯಿಂದ ಒಂದು ಲೋಟ ಬಗ್ಗಿಸಿದ್ರೆ, ಅದು ಮತ್ತೆ ಕತ್ತಿನವರೆಗೂ ಏರೋ ತನಕ ಒಳಗೆ ಗಾಜಿನ ಗೋಲಿ ಬಿಡೋರು. ಈ ವಯಸ್ಸಲ್ಲಿ ಗೋಲಿ ಆಡ್ತಾರೆ ಅಂತ ನಾವು ರೇಗಿಸ್ತಿದ್ವಿ. ಇಪ್ಪತ್ತೆಂಟು ವರ್ಷದಲ್ಲಿ ಒಂದು ಫಿಲ್ಮೂ ಕೆಡಲಿಲ್ಲ ನೋಡಿ.”

ಫೋಟೋಗ್ರಾಫರು ಕನ್ನಡಕ ಒರೆಸುತ್ತಿದ್ದ. “ಅಷ್ಟು ಹುಷಾರಾಗಿದ್ರಾ ನಮ್ಮ ಅತ್ತಿಗೆ?” ಎಂದು ಕೇಳಿದ. “ನಮ್ಮ ಪೇಪರಿನ ಡಾರ್ಕ್‌ರೂಮಿನಲ್ಲಿದ್ದಾಗ ನನ್ನ ಒಂದು ಫಿಲ್ಮು ರೋಲನ್ನ ನುಂಗಿ ನೀರು ಕುಡಿದಿದ್ರು. ಆಮೇಲೆ ಬುದ್ಧಿ ಬಂತು ಅನ್ಸುತ್ತೆ.”

ನರ್ಸುಗಳಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

“ಈಗ್ಯಾಕೆ ಅದೆಲ್ಲ,” ಎಂದಳು ಅವನ ಹೆಂಡತಿ.

“ತಮಾಷೆಗೆ ಅಂದೆ ಮಾರಾಯ್ತಿ.”

ಎಕ್ಸ್‌ರೇಯವನು ಆಗ ಕಚೇರಿಯ ಕಿಟಕಿಯಲ್ಲಿ ಕಾಗದಗಳಿಗೆ ಸಹಿ ಹಾಕುತ್ತಿದ್ದ. ಈ ಮಾತು ಅವನಿಗೆ ಕೇಳಿಸಲಿಲ್ಲ. ಆತ ಬಂದಾಗ ಕಂಕುಳಲ್ಲಿ ರಟ್ಟಿನ ಹೊದಿಕೆಯ ಹಳೆಯ ಪುಸ್ತಕವೊಂದಿತ್ತು. ಅದನ್ನು ತಂಗಿಯ ಮಡಿಲಲ್ಲಿಟ್ಟು ಪಕ್ಕದಲ್ಲಿ ಕುಳಿತ.

“ರಿಟೈರ್ ಆಗೋ ದಿನ ನನಗೆ ಕೊಟ್ಟಿದ್ರು, ಕಲಿಯೋಕೆ ಅಂತ. ಇನ್ನು ನಿಮ್ಮ ಹತ್ರ ಇರಬೇಕು. ದಿನಾ ಮಾಡಿದ ಪರೀಕ್ಷೆಯ ತುಂಡುಗಳು. ತಾರೀಖು, ಕಲಸಿದ ದಿನ, ಎಷ್ಟು ಹೊತ್ತಲ್ಲಿ ಕಪ್ಪಾಯ್ತು, ಎಲ್ಲಾ ಇದೆ. ನನಗೆ ಕೆಲಸ ಕಲಿಸಿದ್ದೇ ಈ ಪುಸ್ತಕ.”

ತಂಗಿ ಹಾಳೆ ತಿರುಗಿಸಿದಳು. ಅಕ್ಕನ ಸಣ್ಣ, ನೆಟ್ಟನೆಯ ಅಕ್ಷರ. ಉಗುರಿನಗಲದ ಕಪ್ಪು ತುಂಡುಗಳು ಸಾಲಾಗಿ ಅಂಟಿದ್ದವು.

“ಆಸ್ಪತ್ರೆಗೆ ಸೇರೋಕೆ ಮುಂಚಿನ ಒಂದು ಹಾಳೆ ಮಾತ್ರ ನನಗೆ ಅರ್ಥ ಆಗಲ್ಲ,” ಎಂದು ಅವನೇ ತೆರೆದು ತೋರಿಸಿದ. “ಇಲ್ಲಿ ನೋಡಿ. ಬೆಳಗಿನ ತುಂಡು ಸರಿಯಾಗಿ ಕಪ್ಪಾಗಿದೆ. ಅದರ ಪಕ್ಕ ಒಂದು ಖಾಲಿ ಫಿಲ್ಮು. ಏನೂ ಮೂಡಿಲ್ಲ, ಆದ್ರೆ ಅಂಚಿನ ಅಂಕಿಗಳು ಎಷ್ಟು ಸ್ಪಷ್ಟ! ಅವನ್ನ ಫಿಲ್ಮು ತಯಾರಿಸುವಾಗಲೇ ಹಾಕಿರ್ತಾರೆ. ಡೆವಲಪರ್ ಕೆಟ್ಟಿದ್ರೆ ಅವೂ ಮೂಡಲ್ಲ. ಅಂದ್ರೆ ಡೆವಲಪರ್ ಚೆನ್ನಾಗಿತ್ತು, ಕ್ಯಾಮೆರಾದಲ್ಲಿ ಫಿಲ್ಮು ಓಡಿಲ್ಲ. ಯಾರೋ ಸರಿಯಾಗಿ ಸಿಕ್ಕಿಸಿಲ್ಲ, ಅಷ್ಟೇ. ಇದನ್ನ ಯಾಕೆ ಅಂಟಿಸಿ ಇಟ್ಕೊಂಡ್ರೋ!”

ತಂಗಿ ತಾರೀಖು ನೋಡಿದಳು. ಆಮೇಲೆ ಪುಸ್ತಕವನ್ನು ಮುಚ್ಚಿ ಎರಡೂ ಕೈಗಳನ್ನು ಅದರ ಮೇಲಿಟ್ಟುಕೊಂಡಳು.

*

ಆ ತಾರೀಖಿನ ಬೆಳಗ್ಗೆ ಬಟ್ಟೆ ಹೊಲಿಯುವ ಕಾರ್ಖಾನೆಗೆ ಬೆಂಕಿ ಬಿದ್ದಿತ್ತು. ಹಿಂಬಾಗಿಲ ಹಿಂದೆ ಹದಿನಾಲ್ಕು ಹೆಣ್ಣುಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಸತ್ತಿದ್ದರು. ಬಾಗಿಲಿಗೆ ಹೊರಗಿನಿಂದ ಸರಪಳಿ ಬಿಗಿದು ಬೀಗ ಹಾಕಿದ್ದನ್ನು ಮೊದಲು ಕಂಡು ಕ್ಯಾಮೆರಾ ಎತ್ತಿದವನು ತಂಗಿಯ ಗಂಡ. ಅಗ್ನಿಶಾಮಕದವರು ಅದನ್ನು ಕತ್ತರಿಸಿದರು. ಮಧ್ಯಾಹ್ನದೊಳಗೆ ಸರಪಳಿ ಮಾಯವಾಯಿತು. ಬಾಗಿಲು ತೆರೆದೇ ಇತ್ತು ಎಂದ ಕಾರ್ಖಾನೆಯ ಮಾಲೀಕ. ಅವನ ಒತ್ತಡಕ್ಕೆ ಅಗ್ನಿಶಾಮಕದವರೂ ಹೌದೆಂದರು.

“ಇನ್ನು ಉಳಿದಿರೋ ಸಾಕ್ಷಿ ನಿನ್ನ ಫೋಟೋ ಒಂದೇ ಕಣಯ್ಯ,” ಎಂದು ಸಂಪಾದಕರು ಅವನ ಬೆನ್ನು ತಟ್ಟಿ, ತಾವೇ ಡಾರ್ಕ್‌ರೂಮಿನ ಬಾಗಿಲಲ್ಲಿ ನಿಂತರು.

ಒಳಗೆ ಅಕ್ಕ ಫಿಲ್ಮನ್ನು ನೀರಿನಿಂದ ಮೇಲೆತ್ತಿ ದೀಪಕ್ಕೆ ಹಿಡಿದಳು. ಈ ತುದಿಯಿಂದ ಆ ತುದಿಯವರೆಗೆ ಗಾಜಿನ ಹಾಗೆ ಬರಿದು. ಅಂಚಿನಲ್ಲಿ ಮಾತ್ರ ಅಂಕಿಗಳು ಇರುವೆಯ ಸಾಲಿನಂತೆ ಕಪ್ಪಗೆ ಮೂಡಿದ್ದವು. ಅವಳು ಅವುಗಳ ಮೇಲೆ ಬೆರಳಿಟ್ಟು ತೋರಿಸಿದಳು. ಪಕ್ಕದಲ್ಲೇ ನಿಂತಿದ್ದ ಅವನಿಗೆ ಒಂದೇ ನೋಟಕ್ಕೆ ಅರ್ಥವಾಯಿತು. ಫಿಲ್ಮಿನ ತುದಿ ಒಳಗಿನ ಸುರುಳಿಯಿಂದ ಕಳಚಿಕೊಂಡಿತ್ತು. ಅಷ್ಟು ಹೊತ್ತು ಕ್ಯಾಮೆರಾ ಸುಮ್ಮನೆ ಕಟಕಟ ಎಂದಿತ್ತು.

“ಆಯ್ತಾ? ಬಂತಾ?” ಸಂಪಾದಕರು ಬಾಗಿಲು ಬಡಿದರು.

ಅವನು ಬಾಗಿಲು ತೆರೆದ. “ಡೆವಲಪರ್ ಕೆಟ್ಟಿತ್ತು ಸಾರ್,” ಎಂದ. ಆಮೇಲೆ ತಿರುಗಿ, “ಅಲ್ವಾ ಅತ್ತಿಗೆ?” ಎಂದು ಕೇಳಿದ.

ಅವಳು ಹನಿ ಸುರಿಯುವ ಫಿಲ್ಮು ಹಿಡಿದು ನಿಂತೇ ಇದ್ದಳು. ಸಂಪಾದಕರು ಬಾಯಿಗೆ ಬಂದಂತೆ ಬೈದು ಹೋದರು.

ಸಂಜೆ ತಂಗಿ ಬಂದಳು. ಅವಳಿಗೆ ಆಗ ಏಳು ತಿಂಗಳು. ಅದಕ್ಕೆ ಮುಂಚೆ ಎರಡು ಕಳೆದುಕೊಂಡಿದ್ದಳು.

“ನಾಳೆ ವಿಚಾರಣೆಯಲ್ಲಿ ಹೌದು ಅಂದ್ಬಿಡು ಅಕ್ಕ. ನೀನು ಒಂಟಿ ಜೀವ, ಎಲ್ಲಿ ಹೋದ್ರೂ ಬದುಕ್ತೀಯ. ಅವರ ಕೆಲಸ ಹೋದ್ರೆ ನಾವು ಮೂರು ಜನ ಬೀದಿಗೆ ಬೀಳ್ತೀವಿ.”

ಅಕ್ಕ ಕಂದು ಬಣ್ಣದ ಬಾಟ್ಲಿಯೊಂದನ್ನು ತೊಳೆಯುತ್ತಿದ್ದಳು. ತೊಳೆದು, ಬೋರಲು ಹಾಕಿ, ಒಂದೇ ಒಂದು ಮಾತು ಕೇಳಿದಳು. “ಸತ್ತೋರ ಮನೆಯವರು ಬಂದು ಕೇಳಿದ್ರೆ ಏನು ಹೇಳ್ಲಿ?”

“ಜನ ನಾಲ್ಕು ದಿನ ಅಂತಾರೆ, ಆಮೇಲೆ ಮರೀತಾರೆ.”

ಮರುದಿನ ವಿಚಾರಣೆಯಲ್ಲಿ ಅಕ್ಕ ಹೌದೆಂದಳು. ಜನ ಮರೆಯಲಿಲ್ಲ. ಕಾರ್ಖಾನೆಯ ಮಾಲೀಕ ಅವಳನ್ನು ಕೊಂಡುಕೊಂಡಿದ್ದಾನೆ, ಬೇಕೆಂದೇ ಫಿಲ್ಮು ಹಾಳುಮಾಡಿದಳು ಎಂದು ಊರೆಲ್ಲ ಮಾತಾಯಿತು. ಅವಳ ಬಾಗಿಲಿಗೆ ಕೆಸರು ಎರಚಿದರು. ಪೇಪರಿನವರು ಅವಳನ್ನು ಕೆಲಸದಿಂದ ತೆಗೆದರು. ಸಾಕ್ಷಿ ಇಲ್ಲವೆಂದು ಮೊಕದ್ದಮೆ ಬಿದ್ದುಹೋಯಿತು. ತಂಗಿಗೆ ಗಂಡುಮಗುವಾಯಿತು. ಮೊದಮೊದಲು ಅವಳು ವಾರಕ್ಕೊಮ್ಮೆ ಅಕ್ಕನಲ್ಲಿಗೆ ಬರುತ್ತಿದ್ದಳು, ಆಮೇಲೆ ತಿಂಗಳಿಗೊಮ್ಮೆ. ಗಂಡನಿಗೆ ದೊಡ್ಡ ಪ್ರಶಸ್ತಿ ಬಂದ ವರ್ಷ ಬಂದು, “ನಿನ್ನ ನೋಡಿದ್ರೆ ಅವರಿಗೆ ಒಂಥರಾ ಆಗುತ್ತಂತೆ ಅಕ್ಕ,” ಎಂದಳು. ಅಕ್ಕ ಬಾಗಿಲವರೆಗೂ ಬಂದು ಬೀಳ್ಕೊಟ್ಟಳು. ತಂಗಿ ಮತ್ತೆ ಬಂದದ್ದು ಇವತ್ತೇ.

*

“ಮುಂದಿನವರು ಬನ್ನಿ,” ಎಂದು ಚಿತಾಗಾರದ ನೌಕರ ಕರೆದ.

ತಂಗಿ ಎದ್ದಳು. ಸ್ಟ್ರೆಚರಿನ ಹತ್ತಿರ ಹೋಗಿ ಹೊದಿಕೆಯ ಅಂಚು ಸರಿಸಿ, ಪುಸ್ತಕವನ್ನು ಅಕ್ಕನ ತೋಳಿನ ಸಂದಿಗೆ ಸೇರಿಸಿದಳು.

“ಅವಳದ್ದು ಅವಳ ಜೊತೇನೇ ಹೋಗ್ಲಿ,” ಎಂದಳು.

“ಒಡಹುಟ್ಟಿದವರು ಅಂದ್ರೆ ಹೀಗಿರಬೇಕು,” ಎಂದು ನರ್ಸಿನ ಕಿವಿಯಲ್ಲಿ ಹೇಳಿ ಎಕ್ಸ್‌ರೇಯವನು ಕಣ್ಣೊರೆಸಿಕೊಂಡ. ಫೋಟೋಗ್ರಾಫರು ಗೋಡೆಯ ಮೇಲಿನ ನಿಯಮಗಳ ಫಲಕವನ್ನು ಓದುತ್ತಿದ್ದ. ಕಬ್ಬಿಣದ ಬಾಗಿಲು ಮೇಲೆದ್ದಿತು, ಶವ ಒಳಗೆ ಜಾರಿತು, ಬಾಗಿಲು ಇಳಿಯಿತು.

ಅವರು ಕಾಯುವ ಕೋಣೆಗೆ ಮರಳಿದಾಗ ಬಾಗಿಲಲ್ಲಿ ಒಬ್ಬ ಮುದುಕಿ ಕೋಲೂರಿ ನಿಂತು ಏದುಸಿರು ಬಿಡುತ್ತಿದ್ದಳು.

“ಆಗೋಯ್ತಾ?”

“ಈಗಷ್ಟೇ ಒಳಗೆ ಹೋಯ್ತಮ್ಮ. ತಾವು ಅವರಿಗೆ ಏನಾಗ್ಬೇಕು?” ಎಂದು ಕೇಳಿದ ಎಕ್ಸ್‌ರೇಯವನು, ಅವಳನ್ನು ಬೆಂಚಿಗೆ ಕೂರಿಸುತ್ತ.

“ಏನೂ ಆಗ್ಬೇಕಿಲ್ಲಪ್ಪ. ಮುಖ ನೋಡೋಣ ಅಂತ ಬಂದೆ. ಬಟ್ಟೆ ಕಾರ್ಖಾನೆ ಬೆಂಕೀಲಿ ನನ್ನ ಮಗಳು ಹೋದ್ಲು. ಹತ್ತೊಂಬತ್ತು ವರ್ಷ. ಬಾಗಿಲಿಗೆ ಬೀಗ ಹಾಕಿದ್ದ ಫೋಟೋ ಇತ್ತು. ಅದನ್ನ ಔಷಧಿ ನೀರಲ್ಲಿ ಅಳಿಸಿಹಾಕಿದ್ದು ಈ ಹೆಂಗಸು. ಯಾಕಮ್ಮ ಹಂಗೆ ಮಾಡ್ದೆ ಅಂತ ಒಂದು ಸಲ ಕೇಳ್ಬೇಕು ಅಂತಿದ್ದೆ. ದಾರೀಲಿ ಎದುರಾದಾಗೆಲ್ಲ ಅವಳೇ ತಲೆ ತಗ್ಗಿಸಿಕೊಂಡು ಆ ಕಡೆ ದಾಟಿ ಹೋಗೋಳು.”

ಎಕ್ಸ್‌ರೇಯವನ ಕೈ ಅವಳ ಹೆಗಲ ಮೇಲೆಯೇ ಉಳಿಯಿತು. “ಬೆಂಕಿ ಬಿದ್ದಿದ್ದು ಯಾವಾಗಮ್ಮ?” ಎಂದು ಮೆಲ್ಲಗೆ ಕೇಳಿದ.

ಮುದುಕಿ ತಾರೀಖು ಹೇಳಿದಳು, ಪುಸ್ತಕದ ಆ ಹಾಳೆಯ ಮೇಲಿದ್ದದ್ದೇ. ದಿನ, ತಿಂಗಳು, ವರ್ಷ, ಒಂದೂ ತಪ್ಪಲಿಲ್ಲ.

ಅವನು ತಲೆಯೆತ್ತಿ ತಂಗಿಯನ್ನು ನೋಡಿದ. ಅವಳು ಸರ್ರನೆ ತಿರುಗಿ ನೀರಿನ ನಲ್ಲಿಯ ಕಡೆ ನಡೆದಳು.

ಅಷ್ಟರಲ್ಲಿ ಮುದುಕಿಯ ಕಣ್ಣು ಫೋಟೋಗ್ರಾಫರಿನ ಮೇಲೆ ಬಿತ್ತು. ಮಂಜು ಕವಿದ ಕಣ್ಣನ್ನು ಕಿರಿದು ಮಾಡಿ ನೋಡಿ, ಕೋಲು ಬಿಟ್ಟು, ಎದ್ದು, ಅವನ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

“ನೀವೇ ಅಲ್ವಾ ಸ್ವಾಮಿ? ಪೇಪರಲ್ಲಿ ನಿಮ್ಮ ಮುಖ ನೋಡ್ತಿರ್ತೀನಿ. ಅವತ್ತು ಆ ಹೊಗೆ ಒಳಗೆ ಹೋಗಿ ಫೋಟೋ ಹಿಡಿದೋರು ನೀವು. ನಮ್ಮೋರಿಗೋಸ್ಕರ ಅಂತ ಒಬ್ರಾದ್ರೂ ಮಾಡಿದ್ರಿ. ನಿಮ್ಮ ಕೈ ತಣ್ಣಗಿರ್ಲಿ.”

ಗೋಡೆಯ ಆಚೆ ಕುಲುಮೆಯ ಮೊರೆತ ಏರಿತು. ಮುದುಕಿ ಅವನ ಕೈಯನ್ನು ಎದೆಗೆ ಒತ್ತಿಕೊಂಡಳು. ಅವನು ಬಿಡಿಸಿಕೊಳ್ಳಲಿಲ್ಲ. “ಇರ್ಲಿ, ಇರ್ಲಿ ಬಿಡೀಮ್ಮ,” ಎಂದ.

ಪಕ್ಕದಲ್ಲಿ ಅವನ ಹೆಂಡತಿ ಮುದುಕಿಗೆಂದು ತಂದ ನೀರಿನ ಲೋಟ ಚಾಚಿಕೊಂಡು ನಿಂತಿದ್ದಳು. ತೆಗೆದುಕೊಳ್ಳಲು ಮುದುಕಿಯ ಕೈಗೆ ಬಿಡುವಿರಲಿಲ್ಲ. ನೀರು ಅವಳ ಬೆರಳುಗಳ ಮೇಲೆ ತುಳುಕಿ, ಮಣಿಕಟ್ಟಿನಿಂದ ಮೊಣಕೈಗೆ ಇಳಿದು, ಸಿಮೆಂಟು ನೆಲದ ಮೇಲೆ ಹನಿಹನಿಯಾಗಿ ಬೀಳತೊಡಗಿತು.