ಬೀಗ ಹಾಕಿದ ರಾಶಿ

ರಾಶಿ ಅಂದರೆ ಏನು ಅಂತ ಆ ಶಾಲೆಯ ಐದನೇ ತರಗತಿಗೆ ಹೇಳಿಕೊಡುವ ಅಗತ್ಯವೇ ಇರಲಿಲ್ಲ. ಹುಡುಗಿಯರ ಕಕ್ಕಸ್ಸಿನ ಮುಂದೆ ಒಂದು ಸಲ ಹಾದುಹೋದರೆ ಸಾಕು, ಮೂಗೇ ಅರ್ಥ ಹೇಳಿಬಿಡುತ್ತಿತ್ತು.

ಕಳೆದ ವರ್ಷ ತಪಾಸಣೆಗೆ ಸಾಹೇಬರು ಬರುತ್ತಾರೆ ಅಂತ ಸುದ್ದಿ ಬಂದಾಗ ಹೆಡ್‌ಮಾಸ್ಟರು ಶಾಲೆಯ ಕೊಳಕನ್ನೆಲ್ಲ ಅದರೊಳಗೆ ತುರುಕಿಸಿ ಬೀಗ ಜಡಿದಿದ್ದರು. ಮುರಿದ ಬೆಂಚು, ಕೊಳೆತ ರಟ್ಟು, ಊಟದ ಡಬ್ಬಿಗಳಿಂದ ಚೆಲ್ಲಿದ ಎಂಜಲು, ಎಲ್ಲೋ ಸತ್ತ ಇಲಿ, ಎಲ್ಲವೂ ಒಂದೇ ಕಡೆ. ಸಾಹೇಬರು ಬಂದರು, ಬಿಸ್ಕತ್ತು ತಿಂದರು, ಹೋದರು. ಬೀಗ ಮಾತ್ರ ಹೋಗಲಿಲ್ಲ. ಆಮೇಲೆ ಅದೇ ರೂಢಿಯಾಯಿತು ನೋಡಿ. ದೊಡ್ಡವರು ಯಾರೇ ಬರಲಿ, ಬಾಗಿಲು ತೆರೆ, ತುರುಕು, ಮುಚ್ಚು. ತೆಗೆದು ಹೊರಗೆ ಹಾಕುವ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಥೂ, ಇದಕ್ಕೊಂದು ಶಾಲೆ ಅಂತ ಹೆಸರು ಬೇರೆ!

ಐದನೇ ತರಗತಿಯ ಕನ್ನಡ ಟೀಚರಿಗೆ ಆ ಬಾಗಿಲು ಕಂಡರೇ ಸಿಟ್ಟು ಬರುತ್ತಿತ್ತು. ಹುಡುಗಿಯರು ಬೆಳಗ್ಗೆಯಿಂದ ಒಂದು ಗುಟುಕು ನೀರು ಕುಡಿಯದೆ ಕೂತಿರುವುದನ್ನು ಆಕೆ ನೋಡಿದ್ದಳು. ತುಂಬಿ ತಂದ ಬಾಟಲಿ ತುಂಬಿದ ಹಾಗೇ ಮನೆಗೆ ಹೋಗುತ್ತಿತ್ತು. ಹಿಂದಿನ ಬೆಂಚಿನ ಗುಬ್ಬಿ ಎರಡು ಸಲ ಉರಿ ಉರಿ ಅಂತ ಜ್ವರ ಬಂದು ಮಲಗಿದ್ದಳು. ಇಷ್ಟು ಚಿಕ್ಕ ಹುಡುಗಿ, ಅದಕ್ಕೇ ಗುಬ್ಬಿ ಅಂತ ಎಲ್ಲರೂ ಕರೆಯುತ್ತಿದ್ದದ್ದು. ಏಳನೇ ತರಗತಿಯಲ್ಲಿದ್ದ ಅವಳಕ್ಕ ಅಂತೂ ತಿಂಗಳಲ್ಲಿ ನಾಲ್ಕು ದಿನ ಶಾಲೆಯ ಕಡೆ ತಲೆ ಹಾಕುತ್ತಿರಲಿಲ್ಲ.

ಟೀಚರು ಹೆಡ್‌ಮಾಸ್ಟರ ರೂಮಿಗೆ ಹೋಗಿ ಕೇಳಿಯೂ ಕೇಳಿದ್ದಳು.

"ಸಾರ್, ಆ ಬಾಗಿಲು ತೆಗೆಸಿ ಸಾರ್. ಮಕ್ಕಳು ಎಲ್ಲಿಗೆ ಹೋಗಬೇಕು?"

"ಮನೆಯೇನು ದೂರಾನಾ? ಓಡಿಹೋಗಿ ಬರಲಿ."

"ಬಸ್ಸಲ್ಲಿ ಬರೋರು, ಸಾರ್?"

"ತಡ್ಕೊಳ್ಳಲಿ. ನಮ್ಮ ಕಾಲದಲ್ಲಿ ನಾವೇನು ತಡ್ಕೊಳ್ಳಲಿಲ್ವಾ? ಈ ವರ್ಷದ ತಪಾಸಣೆ ಒಂದು ಮುಗೀಲಿ, ನೋಡೋಣ. ಅಂದಹಾಗೆ ಟೀಚರ್, ನಿಮ್ಮ ಖಾಯಂ ಮಾಡೋ ಫೈಲು ನನ್ನ ಮೇಜಿನ ಮೇಲೇ ಇದೆ. ಸಾಹೇಬರ ಕೈಗೆ ಅವತ್ತೇ ಕೊಡ್ತೀನಿ."

ಆ "ಅಂದಹಾಗೆ" ಎಂಥದ್ದು ಅಂತ ಆಕೆಗೆ ಗೊತ್ತಾಗದೆ ಏನು! ಹೊರಗೆ ಬಂದಳು. ಮನೆಯಲ್ಲಿ ಅತ್ತೆ ಹೇಳಿದರು: "ಊರ ಉಸಾಬರಿ ನಿನಗ್ಯಾಕಮ್ಮಾ? ಮೊದಲು ಖಾಯಂ ಮಾಡಿಸ್ಕೋ, ಆಮೇಲೆ ಎಷ್ಟು ಬೇಕಾದ್ರೂ ಜಗಳ ಆಡು." ಅತ್ತೆಯ ಮಾತಿನಲ್ಲಿ ತಪ್ಪೇನಿತ್ತು? ಗಂಡನಿಗೆ ಕೆಲಸ ಹೋಗಿತ್ತು. ಇಡೀ ಮನೆ ಆಕೆಯ ಸಂಬಳದ ಮೇಲೆ ನಿಂತಿತ್ತು.

ತಪಾಸಣೆಗೆ ಪಾಠವನ್ನೂ ಹೆಡ್‌ಮಾಸ್ಟರೇ ಆರಿಸಿದರು. ಪದದ ಅರ್ಥ ಹೇಳಿ ಸ್ವಂತ ವಾಕ್ಯದಲ್ಲಿ ಬಳಸುವುದು. ಸ್ವಂತ ವಾಕ್ಯವಂತೆ! ಅದನ್ನೂ ಇವರೇ ಬರೆದುಕೊಟ್ಟರು. ಮುಂದಿನ ಬೆಂಚಿನ ಆರು ಮಕ್ಕಳು ವಾರವಿಡೀ ಉರು ಹೊಡೆದರು: "ರಾಶಿ ಎಂದರೆ ಗುಡ್ಡೆ. ತೋಟದಲ್ಲಿ ಹೂವಿನ ರಾಶಿ ಇತ್ತು."

ಟೀಚರಿಗೆ ಅದನ್ನು ಕೇಳಿ ಕೇಳಿ ಸಾಕಾಗಿಹೋಯಿತು. ಯಾವ ತೋಟ, ಎಲ್ಲಿಯ ಹೂವು? ತಪಾಸಣೆಯ ಹಿಂದಿನ ದಿನ ಆಕೆಗೆ ತಡೆಯಲಾಗಲಿಲ್ಲ. "ಮಕ್ಕಳೇ, ಇದು ದಿನಾ ಬಳಸೋ ಮಾತು ಕಣ್ರೋ. ಒಗೆಯೋ ಬಟ್ಟೆ ರಾಶಿ ಬಿದ್ದಿದೆ ಅಂತ ನಿಮ್ಮಮ್ಮ ಬೈಯಲ್ವಾ? ಮರಳಿನ ರಾಶಿ ಮೇಲೆ ಜಾರಲ್ವಾ? ಕಣ್ಣಾರೆ ಕಂಡಿದ್ದನ್ನ ಹೇಳಿ. ಕಾಣದೇ ಇದ್ದದ್ದು ಬೇಡ."

ಅಷ್ಟು ಹೇಳಿದ ಮೇಲೆ, ನಾಳೆ ಯಾರಾದರೂ ಆ ಬೀಗದ ಬಾಗಿಲಿನ ಮಾತೆತ್ತಿದರೆ ಅಂತ ಹೊಳೆಯಿತು. ಆದರೆ ಆಡಿದ ಮಾತನ್ನು ನುಂಗುವುದು ಹೇಗೆ?

ಸಾಹೇಬರು ಬಂದರು. ಹೊಟ್ಟೆ ಮುಂದೆ, ಕರವಸ್ತ್ರ ಕೈಯಲ್ಲಿ. ಹಿಂದೆ ಹಲ್ಲು ಕಿರಿಯುತ್ತ ಹೆಡ್‌ಮಾಸ್ಟರು. ಶಾಲೆ ಥಳಥಳ ಹೊಳೆಯುತ್ತಿತ್ತು, ಯಾಕೆಂದರೆ ಕೊಳಕೆಲ್ಲ ಎಲ್ಲಿ ಸೇರಬೇಕೋ ಅಲ್ಲಿ ಸೇರಿತ್ತು. ಮುಂದಿನ ಬೆಂಚಿನ ಇಬ್ಬರು ಹೂವಿನ ರಾಶಿ ಒಪ್ಪಿಸಿದರು. ಸಾಹೇಬರಿಗೆ ಬೇಜಾರು ಹಿಡಿಯಿತು.

"ಎಲ್ಲರದ್ದೂ ಒಂದೇ ಹೂವೇನ್ರೀ? ಹಿಂದೆ, ಆ ಚಿಕ್ಕ ಹುಡುಗಿ, ನೀನು ಹೇಳು."

ಗುಬ್ಬಿ ಎದ್ದು ನಿಂತಳು. ಟೀಚರ ಮುಖ ನೋಡಿದಳು. ಆಮೇಲೆ ಗಟ್ಟಿಯಾಗಿ ಹೇಳಿದಳು:

"ನೀವು ಬರ್ತೀರ ಅಂತ ಕಸದ ರಾಶೀನೆಲ್ಲ ನಮ್ಮ ಟಾಯ್ಲೆಟ್ಟಿಗೆ ತುಂಬಿ ಬೀಗ ಹಾಕಿದ್ದಾರೆ."

ಹೆಡ್‌ಮಾಸ್ಟರು ಹೆಹ್ಹೆಹ್ಹೆ ಅಂದರು. "ಭಾರಿ ಕಲ್ಪನಾಶಕ್ತಿ ಸಾರ್, ಈ ಮಗೂಗೆ!"

ಸಾಹೇಬರು ಟೀಚರ ಕಡೆ ತಿರುಗಿದರು. "ಹೌದೇನಮ್ಮಾ? ಕಲ್ಪನೆಯಾ?"

ಹೆಡ್‌ಮಾಸ್ಟರ ಕಂಕುಳಲ್ಲಿ ಆಕೆಯ ಫೈಲಿತ್ತು. ಒಂದು ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಮನೆ, ಅತ್ತೆ, ಗಂಡ ಎಲ್ಲ ಕಣ್ಣ ಮುಂದೆ ಬಂದರು. ಗುಬ್ಬಿ ಇನ್ನೂ ನಿಂತೇ ಇದ್ದಳು.

"ಕಲ್ಪನೆ ಅಲ್ಲ ಸಾರ್," ಅಂದಳು ಟೀಚರು. "ಬೀಗದ ಕೈ ಇವರ ಜೇಬಲ್ಲೇ ಇದೆ."

ಬಾಗಿಲು ತೆರೆದಾಗ ಬಂದ ವಾಸನೆಯನ್ನು ಹೇಳುವುದೇ ಬೇಡ. ರಟ್ಟು ಲೋಳೆಯಾಗಿ ನೆಲಕ್ಕೆ ಅಂಟಿತ್ತು. ಎಂಜಲಿನ ಮೇಲೆ ಹುಳ ಗಿಜಿಗಿಜಿ ಅನ್ನುತ್ತಿತ್ತು. ಮೇಲಿದ್ದ ಬೆಂಚು ಜಾರಿ ಏನೋ ಒದ್ದೆಯಾದದ್ದು ಸಾಹೇಬರ ಬೂಟಿನ ಮೇಲೆ ಪಚಕ್ಕೆಂದು ಬಿತ್ತು. ಸಾಹೇಬರು ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು "ಛೀ ಛೀ ಛೀ! ಈಗಲೇ ಖಾಲಿ ಮಾಡಿಸ್ರೀ!" ಅಂತ ಕೂಗಿದರು.

ಟೀಚರಿಗೆ ಒಂದು ಗಳಿಗೆ ಹೋದ ಜೀವ ಬಂದಂತಾಯಿತು. ಒಂದೇ ಗಳಿಗೆ.

"ಈಗಲೇ ಸಾರ್, ಈಗಲೇ," ಅನ್ನುತ್ತ ಹೆಡ್‌ಮಾಸ್ಟರು ತರಗತಿಗೆ ಓಡಿದರು. "ಹುಡುಗೀರೆಲ್ಲ ಏಳಿ! ಪೊರಕೆ ತಗೊಳ್ಳಿ! ನಿಮ್ಮದೇ ತಾನೇ ಟಾಯ್ಲೆಟ್ಟು? ಗುಬ್ಬಿ, ನೀನು ಮೊದಲು ಬಾ. ಬಾಯಿ ದೊಡ್ಡದಿದೆಯಲ್ಲ, ಕೈಯೂ ದೊಡ್ಡದಾಗಲಿ."

ಸಾಹೇಬರು ತಲೆಯಾಡಿಸಿ ಮೊಬೈಲು ತೆಗೆದರು. "ಒಳ್ಳೇದು. ಮಕ್ಕಳಿಗೂ ಸ್ವಚ್ಛತೆ ಅಭ್ಯಾಸ ಆಗುತ್ತೆ. ಗುಡಿಸೋವಾಗ ಒಂದು ಫೋಟೋ ಇರಲಿ, ವರದಿಗೆ ಹಾಕೋಣ."

ಗುಬ್ಬಿ ಪೊರಕೆ ಹಿಡಿದು ಬಂದು ನಿಂತಳು. ಪೊರಕೆ ಅವಳಿಗಿಂತ ಉದ್ದವಿತ್ತು. ಒಳಗೆ ನೋಡಿ ಓಕರಿಸಿದಳು.

ಟೀಚರ ಮೈಯೆಲ್ಲ ಉರಿದುಹೋಯಿತು. ಹುಳಕ್ಕಿಂತ ಹೆಚ್ಚು ಅಸಹ್ಯ ಈ ಇಬ್ಬರು ಗಂಡಸರ ಮುಖ ನೋಡಿ ಆಯಿತು. ಗುಬ್ಬಿಯ ಕೈಯಿಂದ ಪೊರಕೆ ಕಿತ್ತುಕೊಂಡು ಹೆಡ್‌ಮಾಸ್ಟರ ಮುಂದೆ ಹಿಡಿದಳು.

"ಮಕ್ಕಳು ಮುಟ್ಟಲ್ಲ ಸಾರ್. ತುರುಕಿಸಿದೋರು ನೀವು, ನೀವೇ ಎತ್ತಿ. ಸಾಹೇಬರು ಫೋಟೋ ಬೇಕು ಅಂತಿದ್ದಾರೆ."

ಸಾಹೇಬರ ಮೊಬೈಲು ಎತ್ತಿದ ಹಾಗೇ ಇತ್ತು. ಅವರು ತಮ್ಮ ಬೂಟು ನೋಡಿಕೊಂಡರು, ಹೆಡ್‌ಮಾಸ್ಟರ ಮುಖ ನೋಡಿದರು. ಮೊಬೈಲು ಇಳಿಸಲಿಲ್ಲ.

ಹೆಡ್‌ಮಾಸ್ಟರು ಫೈಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಪ್ಯಾಂಟು ಮಡಚಿ, ಪೊರಕೆ ಹಿಡಿದು ಒಳಗೆ ಕಾಲಿಟ್ಟರು. ಲೋಳೆಯಲ್ಲಿ ಕಾಲು ಪಿಚಕ್ಕೆಂದಿತು. ಟೀಚರು ಬಾಗಿಲಲ್ಲೇ ನಿಂತಳು. ಬಗ್ಗಿ ಗುಡಿಸುತ್ತ ಅವರು ಹಲ್ಲು ಕಚ್ಚಿ, ಆಕೆಗೆ ಮಾತ್ರ ಕೇಳುವ ಹಾಗೆ ಅಂದರು: "ನಿಮ್ಮ ಫೈಲು ಇನ್ನು ಈ ಜನ್ಮದಲ್ಲಿ ಮೇಲಕ್ಕೆ ಹೋಗಲ್ಲ ಟೀಚರ್."

"ಗೊತ್ತು ಸಾರ್," ಅಂದಳು ಆಕೆ. "ಆ ಮೂಲೇಲಿ ಇನ್ನೂ ಇದೆ, ಗುಡಿಸಿ."